ನಿದ್ದೆ ಹೋದ ನೀರು

"ನಿನ್ ಕಡೆ ನೀರು ಗಬ್ಬು," ಎಂದಳು ಚೂಟಿ, ಗಾಜಿಗೆ ಮೂಗು ಒತ್ತಿಕೊಂಡು.

"ನನ್ ಕಡೆ ಮೀನು ಇದೆ," ಎಂದ ತಮ್ಮ.

ಚೂಟಿ ಗಾಜಿನ ಮೇಲೆ ಉಸಿರು ಬಿಟ್ಟು ಮೀನನ್ನು ಮರೆ ಮಾಡಿದಳು.

ತಮ್ಮನಿಗೆ ಆರು ವರ್ಷ. ಮಾತು ಕಡಿಮೆ, ಕಿತಾಪತಿ ಜಾಸ್ತಿ. ಸುಮ್ಮನೆ ಒಂದು ಮೂಲೆಯಲ್ಲಿ ಕೂತಿದ್ದಾನೆ ಎಂದರೆ ಏನೋ ಹಾಳಾಗುತ್ತಿದೆ ಎಂದೇ ಅರ್ಥ. ಅದಕ್ಕೇ ಮನೆಯಲ್ಲಿ ಅವನನ್ನು ಗುಮ್ಮ ಎನ್ನುತ್ತಿದ್ದರು. ಚೂಟಿಗೆ ಹತ್ತು ವರ್ಷ. ಅವಳದು ಮಾತೂ ಜಾಸ್ತಿ, ಕೋಪವೂ ಜಾಸ್ತಿ.

ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಉಪ್ಪುನೀರಿನ ಅಕ್ವೇರಿಯಂ ಇತ್ತು. ಫ್ರಿಜ್ ರಿಪೇರಿ ಮಾಡುವ ಮಾಮ ಚಿಕ್ಕ ರೂಮಿಗೆ ಮನೆ ಬದಲಿಸುವಾಗ ಅದನ್ನು ತಂದು ಇಲ್ಲಿಟ್ಟಿದ್ದ. ಇಬ್ಬರಿಗೂ ಸೇರಿದ್ದು, ಇಬ್ಬರೂ ನೋಡಿಕೊಳ್ಳಿ ಎಂದಿದ್ದ. ಪಾಪ, ಅವನಿಗೇನು ಗೊತ್ತು.

ಹೋದ ವಾರ ಗುಮ್ಮ ಅಕ್ಕನ ಹೊಸ ರಬ್ಬರನ್ನು ಅಕ್ವೇರಿಯಂಗೆ ಹಾಕಿದ. ಸ್ಟ್ರಾಬೆರಿ ವಾಸನೆಯ ರಬ್ಬರು. ಸಮುದ್ರದಲ್ಲಿ ತೇಲುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಅದು ತೇಲಲಿಲ್ಲ. ಎತ್ತಿ ತೆಗೆಯುವಷ್ಟರಲ್ಲಿ ವಾಸನೆ ಹೋಗಿತ್ತು, ಚೂಟಿಯ ಕೋಪ ನೆತ್ತಿಗೇರಿತ್ತು.

"ಇನ್ಮೇಲೆ ಎಲ್ಲಾ ಅರ್ಧ ಅರ್ಧ," ಎಂದಳು. "ನನ್ ಕಡೆ ಬಂದ್ರೆ ನೋಡು."

ಅಮ್ಮನ ಟೇಪೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವೂ ಕಾಣೆಯಾದವು. ಅಕ್ಕ ತಮ್ಮ ಮಲಗುವ ರೂಮಿನಲ್ಲಿ ನೆಲದ ಮೇಲೆ ಗೆರೆ ಬಿತ್ತು. ಗೆರೆಯ ಮೇಲೆ ಹಗ್ಗ, ಹಗ್ಗಕ್ಕೆ ಹಳೇ ಬೆಡ್‌ಶೀಟು. ಟೇಬಲ್ ಫ್ಯಾನು ಚೂಟಿಯ ಪಾಲಿಗೆ, ಗೋಡೆ ಗಡಿಯಾರ ಗುಮ್ಮನ ಪಾಲಿಗೆ. ಅವನಿಗೆ ಟೈಮ್ ನೋಡಲು ಬರುವುದಿಲ್ಲ. ಆದರೂ ಚೂಟಿ ಸ್ಕೂಲಿಗೆ ಹೊರಡುವಾಗ ದೊಡ್ಡ ಮುಳ್ಳು ಎಲ್ಲಿದೆ ಎಂದು ಕೇಳಿದರೆ, ಬೆಡ್‌ಶೀಟಿನ ಆಚೆಯಿಂದ "ಹೇಳಲ್ಲ" ಎಂಬ ಉತ್ತರ ಬರುತ್ತಿತ್ತು.

ಆಮೇಲೆ ಅಕ್ವೇರಿಯಂ ಸರದಿ. ಚೂಟಿ ಅದರ ಉದ್ದವನ್ನು ಅಳೆದು, ಒಳಗಿದ್ದ ಕಲ್ಲುಗಳನ್ನೆಲ್ಲ ಒಟ್ಟುಮಾಡಿ ನಟ್ಟನಡುವೆ ಗೋಡೆ ಕಟ್ಟಿದಳು. ಹಿಂದಿನ ಗಾಜಿನಿಂದ ಮುಂದಿನ ಗಾಜಿನವರೆಗೆ, ನೀರಿನ ಮಟ್ಟಕ್ಕೆ ಇನ್ನೇನು ಮುಟ್ಟಿತು ಎನ್ನುವಷ್ಟು ಎತ್ತರ. ನೀರು ಓಡಿಸುವ ಪಂಪನ್ನು ತನ್ನ ಕಡೆ ಅಂಟಿಸಿಕೊಂಡಳು. ತಮ್ಮನಿಗೆ ಥರ್ಮಾಮೀಟರ್ ಕೊಟ್ಟಳು. ಅದು ರಾಕೆಟ್ಟಿನ ಹಾಗೆ ಕಾಣುತ್ತಿದ್ದುದರಿಂದ ಗುಮ್ಮ ತಾನೇ ಗೆದ್ದೆ ಅಂದುಕೊಂಡ.

ಉಳಿದದ್ದು ಮೀನು. ಕಿತ್ತಳೆ ಬಣ್ಣದ ಮೈಮೇಲೆ ಮೂರು ಬಿಳಿ ಪಟ್ಟೆ. ಹೆಸರು ಪಟ್ಟಾಪಟ್ಟಿ. ಮೀನನ್ನು ಅರ್ಧ ಮಾಡುವ ಹಾಗಿಲ್ಲವಲ್ಲ, ಅದಕ್ಕೆ ಅದು ಎಲ್ಲಿ ಮಲಗುತ್ತದೋ ಅವರದು ಎಂದಾಯಿತು. ಪಟ್ಟಾಪಟ್ಟಿ ದಿನಾ ಗೋಡೆ ಹಾರಿ ಚೂಟಿಯ ಕಡೆ ಬಂದು ಹೊಟ್ಟೆ ತುಂಬ ತಿನ್ನುತ್ತಿತ್ತು. ತಿಂದು, ಬಾಲ ಅಲ್ಲಾಡಿಸುತ್ತ ವಾಪಸು ಹೋಗಿ, ಗುಮ್ಮನ ಮೂಲೆಯ ಹವಳದ ಪಕ್ಕದಲ್ಲಿ ಮಲಗುತ್ತಿತ್ತು. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇಂಥವರಿಗೇ.

ಶನಿವಾರ ಬೆಳಿಗ್ಗೆ ಪಟ್ಟಾಪಟ್ಟಿ ತಿನ್ನಲು ಬರಲಿಲ್ಲ.

ಚೂಟಿ ಆ ಕಡೆಗೆ ಹೋಗಿ ಸರಿಯಾಗಿ ನೋಡಿದಳು. ಗುಮ್ಮನ ಕಡೆಯ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಕಂಬಳಿಯ ಹಾಗೆ ಹರಡಿತ್ತು. ಉಣ್ಣೆಯ ಕುಚ್ಚಿನಂತೆ ಅರಳಿರುತ್ತಿದ್ದ ಹವಳ ಮುಷ್ಟಿ ಕಟ್ಟಿಕೊಂಡಿತ್ತು. ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಪೊರೆ. ಅದರ ಕೆಳಗೆ ಪಟ್ಟಾಪಟ್ಟಿ ನಿಂತಲ್ಲೇ ನಿಂತು, ಓಡಿ ಬಂದವರ ಹಾಗೆ ಬಾಯಿ ಬಿಡುತ್ತಿತ್ತು.

ಅಮ್ಮ ಕತ್ತರಿ ಕೆಳಗಿಟ್ಟು ಬಂದಳು. ಗೋಡೆಯನ್ನು ನೋಡಿದಳು, ಮೀನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಾಳೆ ಮಾಮ ಬರ್ತಾನೆ," ಎಂದಳು. "ನೀರು ಹೀಗೇ ಇದ್ರೆ ಮೀನನ್ನ ಅವನ ಕೈಗೇ ಕೊಟ್ಟುಬಿಡ್ತೀನಿ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತ ನೀವಿಬ್ರು. ಮಧ್ಯೆ ಅದು ಸಾಯೋದು ಬೇಡ."

ಚೂಟಿ ಗಾಜಿನ ಮೇಲೆ ಅಂಗೈ ಒತ್ತಿದಳು. ಪಟ್ಟಾಪಟ್ಟಿ ಇಲ್ಲದ ಅಕ್ವೇರಿಯಂ ಅಂದರೆ ಏನು, ಬರೀ ಉಪ್ಪುನೀರು.

ಗುಮ್ಮನಿಗೂ ಹಾಗೇ ಅನ್ನಿಸಿರಬೇಕು. ಅವನ ಕೆಳತುಟಿ ಮುಂದೆ ಬಂದಿತ್ತು.

ಗೋಡೆ ಮುಟ್ಟದೆ ಏನಾದರೂ ಮಾಡಬಹುದೇ ಎಂದು ಚೂಟಿ ಯೋಚಿಸಿದಳು. ಪಂಪಿನ ಸ್ಪೀಡನ್ನು ಪೂರ್ತಿ ತಿರುಗಿಸಿದಳು. ಒಳಗೆ ಬಿರುಗಾಳಿಯೇ ಎದ್ದಿತು. ಅವಳ ಕಡೆಯ ಮರಳೆಲ್ಲ ಹಾರಿ ಮೂಲೆಯಲ್ಲಿ ಗುಡ್ಡೆಯಾಯಿತು. ಗಾಜಿನ ಮೇಲೆ ತನ್ನ ಪಾಡಿಗೆ ಹೋಗುತ್ತಿದ್ದ ಬಸವನಹುಳು ಕೈಬಿಟ್ಟು ಅಂಗಾತ ಬಿತ್ತು. ಆಚೆ ಕಡೆ ಲೋಳೆಯ ಒಂದು ಎಳೆಯೂ ಅಲ್ಲಾಡಲಿಲ್ಲ. ಗುಮ್ಮ ಬಸವನಹುಳುವನ್ನು ನೋಡಿ ಕಿಸಕ್ಕೆಂದ. ಅಕ್ಕನ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

ಪ್ಲಗ್ ತೆಗೆದು, ಸ್ಪೀಡು ತಗ್ಗಿಸಿ, ಪಂಪನ್ನು ಮೇಲಕ್ಕೆ ಸರಿಸಿ ಮತ್ತೆ ಪ್ಲಗ್ ಹಾಕಿ, ಗೋಡೆಯ ಮೇಲಿಂದ ನೀರು ಹೋಗುವಂತೆ ಮಾಡಿದಳು. ಈಗ ಎಣ್ಣೆಯ ಪೊರೆಯೇನೋ ಹರಿಯಿತು. ಆದರೆ ತಳದಲ್ಲಿ ಕಂಬಳಿ ಹಾಗೇ ಇತ್ತು. ಮೀನೂ ಅಲ್ಲೇ ಇತ್ತು.

"ಅಕ್ಕ, ನೋಡು."

ಗುಮ್ಮ ಅವಳನ್ನು ಅಕ್ಕ ಎಂದು ಕರೆದು ಒಂದು ವಾರವಾಗಿತ್ತು. ಅವನು ಸ್ಟೂಲಿನ ಮೇಲೆ ನಿಂತು, ಮೀನಿನ ಫುಡ್ಡನ್ನು ನೀರಿನಲ್ಲಿ ನೆನೆಸಿ ಹಿಡಿದಿದ್ದ. ಒಂದು ಚಿಟಿಕೆ ಚೂಟಿಯ ಕಡೆ, ಗೋಡೆಗಿಂತ ಕೆಳಗೆ ಬಿಟ್ಟ. ಅದು ಗಿರ್ರನೆ ಸುತ್ತಿ, ಗೋಡೆಗೆ ಬಡಿದು, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿತು. ಇನ್ನೊಂದು ಚಿಟಿಕೆ ತನ್ನ ಕಡೆ, ಆಳದಲ್ಲಿ ಬೆರಳಿಟ್ಟು ಬಿಟ್ಟ. ಅದು ನೇರ ಕೆಳಗಿಳಿದು ಲೋಳೆಯ ಮೇಲೆ ಕೂತಿತು. ಕೂತದ್ದು ಏಳಲಿಲ್ಲ.

"ನನ್ ಕಡೆ ನೀರು ನಿದ್ದೆ ಮಾಡ್ತಿದೆ," ಎಂದ ಗುಮ್ಮ.

ಚೂಟಿ ಗೋಡೆಯನ್ನು ದಿಟ್ಟಿಸಿದಳು. ತಮ್ಮ ತನ್ನ ಕಡೆ ಬರದಿರಲೆಂದು ಕಟ್ಟಿದ ಗೋಡೆ. ತಮ್ಮನ ಕೈ ಈಗ ತಾನೇ ಅದರ ಮೇಲಿಂದ ಸಲೀಸಾಗಿ ಬಂದು ಹೋಯಿತು. ಅದು ತಡೆದದ್ದು ನೀರನ್ನು ಮಾತ್ರ.

"ಇದನ್ನ ತೆಗೀಬೇಕು ಅನ್ಸುತ್ತೆ," ಎಂದಳು ಮೆಲ್ಲಗೆ.

"ನೀನೇ ತೆಗಿ. ನೀನೇ ಕಟ್ಟಿದ್ದು."

ಬೇರೆ ದಿನವಾಗಿದ್ದರೆ ಈ ಮಾತಿಗೆ ಮತ್ತೊಂದು ಯುದ್ಧವಾಗುತ್ತಿತ್ತು. ಚೂಟಿ ಪ್ಲಗ್ ಕಿತ್ತಳು. ತೋಳು ಮೇಲೇರಿಸಿ, ಎಲ್ಲಕ್ಕಿಂತ ದೊಡ್ಡ ಕಲ್ಲನ್ನೇ ಮೊದಲು ಎತ್ತಿದಳು.

ಗೋಡೆ ಹೋಗಿ ಕಮಾನು ಬಂತು. ಎರಡು ಕಲ್ಲು ಕಾಲು, ಚಪ್ಪಟೆ ಕಲ್ಲು ಮೇಲೆ. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ಕೈ ಹೋಗುವಷ್ಟು ಜಾಗ. ಇನ್ನೂ ಆ ಕಡೆ, ಇನ್ನೂ ಈ ಕಡೆ ಎಂದು ಗುಮ್ಮ ಸ್ಟೂಲಿನ ಮೇಲಿಂದ ಮೇಸ್ತ್ರಿಯ ಹಾಗೆ ಹೇಳುತ್ತಲೇ ಇದ್ದ. ಅಮ್ಮ ಪೈಪು ಹಿಡಿದು ಲೋಳೆಯನ್ನೆಲ್ಲ ಬಕೆಟ್ಟಿಗೆ ಎಳೆದಳು. ಉಪ್ಪು ಬೆರೆಸಿಟ್ಟಿದ್ದ ಹೊಸ ನೀರನ್ನು ನಿಧಾನಕ್ಕೆ ಸುರಿದಳು. ಚೂಟಿ ಪಂಪಿನ ಮೂತಿಯನ್ನು ತಮ್ಮನ ಕಡೆಯ ಗಾಜಿಗೆ ತಿರುಗಿಸಿ ಪ್ಲಗ್ ಹಾಕಿದಳು.

ಮತ್ತೆ ಒಂದು ಚಿಟಿಕೆ ಫುಡ್ಡು. ಅದು ಚೂಟಿಯ ಮೂಲೆಯಿಂದ ಹೊರಟು, ಕಮಾನಿನ ಮೇಲೆ ಹಾದು, ಗುಮ್ಮನ ಗಾಜಿಗೆ ತಾಗಿ ಕೆಳಗಿಳಿಯಿತು. ಮೂಲೆಯನ್ನೆಲ್ಲ ಒಂದು ಸುತ್ತು ಹಾಕಿ, ಕಮಾನಿನ ಕೆಳಗೆ ನುಸುಳಿ ವಾಪಸು ಬಂತು. ಅದರ ಹಿಂದೆಯೇ ಗಾಜಿಗೆ ಮೂಗು ಉಜ್ಜಿಕೊಂಡು ಹೋಗುತ್ತಿದ್ದ ಇಬ್ಬರ ತಲೆಗಳೂ ನಡುವೆ ಢೀ ಹೊಡೆದವು.

ಆದರೆ ಪಟ್ಟಾಪಟ್ಟಿ ತಿನ್ನಲಿಲ್ಲ. ಫುಡ್ಡು ಮೂಗಿನ ಮುಂದೆಯೇ ಹೋದರೂ ಸುಮ್ಮನಿತ್ತು.

"ಸಾಯುತ್ತಾ?" ಎಂದು ಕೇಳಿದ ಗುಮ್ಮ.

"ಗೊತ್ತಿಲ್ಲ ಕಣೋ." ಇಲ್ಲ ಎನ್ನಬೇಕೆಂದು ಚೂಟಿಗೆ ತುಂಬ ಆಸೆಯಿತ್ತು. ಅಳುವೂ ಬಂದಿತ್ತು. ಇಬ್ಬರೂ ಸಂಜೆಯವರೆಗೆ ಒಂದೇ ಸ್ಟೂಲಿನ ಮೇಲೆ ಒತ್ತಿಕೊಂಡು ಕೂತರು. ಮೀನಿನ ಬಾಯಿ ಸ್ವಲ್ಪ ನಿಧಾನವಾದಂತೆ ಕಂಡಿತು. ಹೌದೋ ಅಲ್ಲವೋ ಎಂದು ಹೇಳುವುದು ಕಷ್ಟವಾಗಿತ್ತು.

ಭಾನುವಾರ ಬೆಳಿಗ್ಗೆ ಗುಮ್ಮನ ಕೂಗಿಗೆ ಮನೆಯೆಲ್ಲ ಎದ್ದಿತು. ಪಟ್ಟಾಪಟ್ಟಿ ಕಮಾನಿನ ಕೆಳಗೆ ನೀರಿಗೆ ಎದುರಾಗಿ ಈಜುತ್ತಿತ್ತು. ತಳ್ಳಿಸಿಕೊಂಡು ಹಿಂದೆ ಹೋಗುವುದು, ಮತ್ತೆ ಮುನ್ನುಗ್ಗುವುದು. ಫುಡ್ಡು ಹಾಕಿದರೆ ಗಬಕ್ಕನೆ ನುಂಗಿ, ಇಷ್ಟೇನಾ ಎನ್ನುವ ಹಾಗೆ ನೋಡಿತು. ಹವಳದ ಮುಷ್ಟಿ ಅರ್ಧ ಬಿಚ್ಚಿತ್ತು.

ಮಾಮ ಬಂದು, ಬಗ್ಗಿ ತುಂಬ ಹೊತ್ತು ನೋಡಿದ. ನೀರು ಚೆನ್ನಾಗಿ ಓಡಾಡುತ್ತಿದೆ, ಮೀನು ಇಲ್ಲೇ ಇರಲಿ ಎಂದ. ಆಮೇಲೆ ಕಮಾನು ಕಟ್ಟಿದ್ದು ಯಾರು ಎಂದು ಕೇಳಿದ.

"ನಾನು," ಎಂದರು ಇಬ್ಬರೂ ಒಟ್ಟಿಗೆ. ಅಮ್ಮ ಮಾಮನನ್ನು ಊಟಕ್ಕೆ ಎಳೆದುಕೊಂಡು ಹೋದಳು.

ಊಟವಾದ ಮೇಲೆ ಸೆಕೆ ಹೆಚ್ಚಾಯಿತು. ಚೂಟಿ ರೂಮಿಗೆ ಬಂದು ಫ್ಯಾನು ಹಾಕಿಕೊಂಡು ಕೂತಳು. ನಡುವಿನ ಬೆಡ್‌ಶೀಟು ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಅವಳು ಅದರ ಅಂಚು ಎತ್ತಿ ಇಣುಕಿದಳು. ಗುಮ್ಮ ಚಾಪೆಯ ಮೇಲೆ ಬಿದ್ದುಕೊಂಡಿದ್ದ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಪಕ್ಕದಲ್ಲಿ ಬಿಚ್ಚಿಟ್ಟ ಡ್ರಾಯಿಂಗ್ ಬುಕ್ಕಿನ ಒಂದು ಹಾಳೆಯೂ ಅಲ್ಲಾಡುತ್ತಿರಲಿಲ್ಲ.

ಚೂಟಿ ಆ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

ಎದ್ದು ಬೆಡ್‌ಶೀಟನ್ನು ಹಗ್ಗದ ತುದಿಗೆ ಸರಿಸಿದಳು. ಫ್ಯಾನಿನ ಹಿಂದಿದ್ದ ಗುಂಡಿಯನ್ನು ಒತ್ತಿದಳು. ಫ್ಯಾನು ಟಕ್ ಎಂದು ಕತ್ತು ತಿರುಗಿಸತೊಡಗಿತು, ಆ ಕಡೆ, ಈ ಕಡೆ. ಹಾಳೆ ಪಟಪಟನೆ ಮಗುಚಿತು. ಗುಮ್ಮನ ಕೂದಲು ಹಣೆಯಿಂದ ಎದ್ದಿತು. ಗಾಳಿ ಸುತ್ತಿ ತನ್ನ ಕಡೆ ಬರಲೆಂದು ಚೂಟಿ ಕಾಯುತ್ತ ಕೂತಳು.

ಗುಮ್ಮ ಒಂದೇ ಕಣ್ಣು ತೆರೆದು, ಗೋಡೆ ಗಡಿಯಾರದ ಕಡೆ ನೋಡಿದ.

"ದೊಡ್ಡ ಮುಳ್ಳು ಮೂರರ ಹತ್ರ ಇದೆ, ಅಕ್ಕ."

ಅವಳು ಕೇಳಿರಲೇ ಇಲ್ಲ.