ಸಿಗದೇ ಹೋದ ಸಂಖ್ಯೆ

2025ರ ಸೆಪ್ಟೆಂಬರ್ 15, ಸೋಮವಾರ ಬೆಳಿಗ್ಗೆ 8.20. ಪಂಚಾಯಿತಿ ಸ್ಮಶಾನದ ಕಾವಲುಗಾರ ಮಂಜಯ್ಯ ಹೊಳೆಗದ್ದೆ ಠಾಣೆಗೆ ಬಂದು, ಯಾರೋ ಗುಂಡಿ ಅಗೆದು ಹೆಣ ಒಯ್ದಿದ್ದಾರೆ ಎಂದು ದೂರು ಕೊಟ್ಟ. ಹತ್ತು ತಿಂಗಳ ಹಿಂದೆ ಪೊಲೀಸರೇ ಹೂಳಿಸಿದ್ದ ಅನಾಥ ಶವ ಅದು. ಯಾರಿಗೂ ಬೇಡದ ಹೆಣವನ್ನೂ ಕದಿಯುತ್ತಾರಾ ಎಂದು ಒಬ್ಬ ಪೇದೆ ನಕ್ಕ. ಆಮೇಲೆ ಆ ದಿನ ಠಾಣೆಯಲ್ಲಿ ಯಾರೂ ನಗಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ ಕಲಂ 301ರಡಿ ಎಫ್‌ಐಆರ್ ದಾಖಲಾಯಿತು. 9.40ಕ್ಕೆ ಇನ್‌ಸ್ಪೆಕ್ಟರ್ ಶಶಿಧರ್ ಸ್ಥಳದಲ್ಲಿ ಪಂಚನಾಮೆ ಬರೆಸಿದರು. ಮೇಲಿನ ಮಣ್ಣನ್ನು ಹಾರೆಯಿಂದ ತೆಗೆದವರು ಕೆಳಗಿನದನ್ನು ಕೈಯಿಂದ ಕೆರೆದು ತೆಗೆದಿದ್ದರು. ಅಂಚಿನಲ್ಲಿ ವಿಭೂತಿ ಚೆಲ್ಲಿತ್ತು. ಪಕ್ಕದಲ್ಲೇ ಜೀಪಿನ ಚಕ್ರದ ಗುರುತು.

"ನಿನ್ನೆ ಎಲ್ಲಿದ್ದೆ?"

"ಮಧ್ಯಾಹ್ನ ಸಂತೆಗೆ ಹೋಗಿದ್ದೆ ಸಾರ್."

"ಕಳ್ಳ ವಿಭೂತಿ ತರಲ್ಲ ಮಂಜಯ್ಯ. ಬಂದೋರು ಮನೆಯೋರೇ."

ಠಾಣೆಗೆ ಮರಳಿ ಹಳೆಯ ಕಡತ ಕೇಳಿದರು. ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಪೇದೆ ಪವಿತ್ರಾ ತಂದಿಟ್ಟು ಅಲ್ಲೇ ನಿಂತಳು. 2024ರ ನವೆಂಬರ್ 19, ಹೊಳೆಯಲ್ಲಿ ಸಿಕ್ಕ ಹೆಣ್ಣು ಶವ, ವಯಸ್ಸು ಸುಮಾರು 24. ನೀರಿನಲ್ಲಿ ಮುಳುಗಿ ಸಾವು, ಮುಖ ಗುರುತು ಸಿಗುವಂತಿಲ್ಲ. ಕಿವಿಯಲ್ಲಿ ಶ್ರವಣ ಸಾಧನ ಒಂದು, ಸಂಖ್ಯೆ ೪೪೭೧೮೨೦.

"ಇದು ಯಾರ್ದು ಅಂತ ಗೊತ್ತೇನಮ್ಮಾ?"

"ಗೊತ್ತು ಸಾರ್. ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿ ಮಲ್ಲಿಕಾರ್ಜುನ ಅವ್ರಿದಾರಲ್ಲ, ಅವ್ರ ಮಗಳು ಭುವನಾದು. ಕಾಣೆಯಾದ ಮಗಳನ್ನ ಹುಡುಕ್ಕೊಂಡು, ಈ ನಂಬರ್ ಬರ್ಕೊಂಡು ಏಳು ಸಲ ಬಂದಿದ್ರು. ಏಳು ಸಲನೂ ಟೈಪ್ ಮಾಡಿ ಹುಡುಕ್ದೆ. ದಾಖಲೆ ಇಲ್ಲ ಅಂತ್ಲೇ ಬಂತು."

"ದಾಖಲೆ ಇಲ್ಲೇ ಇದೆಯಲ್ಲ!"

"ಅವ್ರು ಬರ್ಕೊಂಡು ಬಂದಿದ್ದು ಇಂಗ್ಲಿಷ್ ಅಂಕಿ. ನಾನೂ ಹಾಗೇ ಹುಡುಕ್ದೆ. ಇಲ್ಲಿ ಸೇರ್ಸಿದ್ದು ಕನ್ನಡ ಅಂಕಿ. ನಮ್ಮ ಕಣ್ಣಿಗೆ ಎರಡೂ ನಾಲ್ಕೇ ಸಾರ್. ಕಂಪ್ಯೂಟರ್ ಒಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ. ಅದಕ್ಕೆ 4 ಅಂದ್ರೆ 52, ೪ ಅಂದ್ರೆ 3306. ಒಂದು ಕೇಳಿದ್ರೆ ಇನ್ನೊಂದು ತೋರ್ಸಲ್ಲ."

ಶನಿವಾರ ಜಪ್ತಿ ವಸ್ತುಗಳ ಪಟ್ಟಿ ಪರಿಶೀಲಿಸುವಾಗ ಆ ಸಾಧನ ಅವಳ ಕೈಗೆ ಬಂದಿತ್ತು. ಅದರ ಮೇಲಿನ ಸಂಖ್ಯೆ ಅವಳಿಗೆ ಬಾಯಿಪಾಠ.

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಚಿಕ್ಕಮಗಳೂರಿಗೆ ಮೀಟಿಂಗಿಗೆ ಹೋಗಿದ್ರಿ. ತಡ್ಕೊಳ್ಳೋಕೆ ಆಗ್ಲಿಲ್ಲ ಸಾರ್. ಅವ್ರಿಗೇ ಫೋನ್ ಮಾಡ್ಬಿಟ್ಟೆ."

ಶಶಿಧರ್ ಬೈಯಲಿಲ್ಲ. ಬೈಯುವ ಮುಖ ಅವರಿಗೆಲ್ಲಿತ್ತು? ಹೋದ ರಾಜ್ಯೋತ್ಸವದ ಹುರುಪಿನಲ್ಲಿ, ದಾಖಲೆಗಳಲ್ಲಿ ಅಂಕಿಗಳೂ ಕನ್ನಡದಲ್ಲೇ ಇರಬೇಕೆಂದು ಆದೇಶಿಸಿ ಸಹಿ ಹಾಕಿದವರು ಅವರೇ. ಡಿಸೆಂಬರ್ ಬರುವಷ್ಟರಲ್ಲಿ ಠಾಣೆ ಅದನ್ನು ಮರೆತಿತ್ತು, ಅವರೂ ಮರೆತಿದ್ದರು. ಜನವರಿಯಲ್ಲಿ ಬಂದ ಪವಿತ್ರಾಳಿಗೆ ಯಾರೂ ಹೇಳಿರಲಿಲ್ಲ. ಕಡತ ಮುಚ್ಚಿ ಅವರು ಜೀಪು ಹತ್ತಿದರು.

ಮಧ್ಯಾಹ್ನ 1.15, ಮೂಡಿಗೆರೆ. ಅಂಗಡಿ ಬಾಗಿಲು ಹಾಕಿತ್ತು. ಊರಾಚೆಯ ಅರ್ಧ ಎಕರೆ ಕಾಫಿ ತೋಟದಲ್ಲಿ ಮಲ್ಲಿಕಾರ್ಜುನ ಹೊಸ ಮಣ್ಣಿನ ಪಕ್ಕ ಕೂತಿದ್ದರು. ಉಗುರುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ನೀವೇ ತೆಗೆದ್ರಾ?"

"ನಾನೇ."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಜೀಪು ಗೆಳೆಯಂದು, ಅವ್ನಿಗೇನೂ ಗೊತ್ತಿಲ್ಲ."

"ಒಂದು ಅರ್ಜಿ ಕೊಟ್ಟಿದ್ರೆ ಕಾನೂನು ಪ್ರಕಾರ ತೆಗೆಸಿ ಕೊಡ್ತಿದ್ವಲ್ಲ."

"ಏಳು ಸಲ ಬಂದೆ ಸಾರ್. ಏಳು ಸಲನೂ ಆ ಸ್ಮಶಾನದ ಬೇಲಿ ಹತ್ರಾನೇ ಬಸ್ ಇಳಿದಿದ್ದು." ಹೊಸ ಮಣ್ಣನ್ನು ಅಂಗೈಯಿಂದ ಸವರಿದರು. "ನಮ್ಮಲ್ಲಿ ಕೂರ್ಸಿ ಮಣ್ಣು ಮಾಡ್ತಾರೆ, ಕೈಯಲ್ಲಿ ಲಿಂಗ ಇಟ್ಟು. ನೀವು ಮಲಗ್ಸಿದ್ರಿ. ಅವಳನ್ನ ಕೂರ್ಸೋಣ ಅಂತ ತಂದೆ."

ಶಶಿಧರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಹತ್ತು ತಿಂಗಳಾಗಿತ್ತಲ್ಲ ಸಾರ್. ಬರೀ ಮೂಳೆ. ಎಷ್ಟು ಮಾಡಿದ್ರೂ ಕೂರ್ಲಿಲ್ಲ. ಕೊನೆಗೆ ನಾನೂ ಮಲಗ್ಸಿದೆ."

ಡಿಎನ್‌ಎ ಪರೀಕ್ಷೆಗೆ ಇನ್ನೊಮ್ಮೆ ಅಗೆಯಬೇಕಾಗುತ್ತದೆ ಎಂಬ ಮಾತು ಶಶಿಧರ್ ಅವರ ಬಾಯಿಂದ ಹೊರಡಲು ಹತ್ತು ನಿಮಿಷ ಹಿಡಿಯಿತು. ಮಲ್ಲಿಕಾರ್ಜುನ ತಲೆಯಾಡಿಸಿದರು. 2.05ಕ್ಕೆ ಬಂಧನ ಎಂದು ದಾಖಲಾಯಿತು.

ಸಂಜೆ ಕೇಸ್ ಡೈರಿಯಲ್ಲಿ, ಕೃತ್ಯಕ್ಕೆ ಕಾರಣ ಎಂಬಲ್ಲಿ, ಶಶಿಧರ್ ಕೈಬರಹದಲ್ಲೇ ಬರೆದರು: 'ಆರೋಪಿಯು ಮಗಳನ್ನು ಕೂರಿಸಿ ಮಣ್ಣು ಮಾಡಲು ಬಯಸಿದ್ದರು. ತಡವಾಗಿತ್ತು. ತಡವಾದದ್ದು ನನ್ನ ಆದೇಶದಿಂದ.'