ಅವನಿಗೂ ನಲವತ್ತು ನಿಮಿಷ

"ಇಲ್ಲಿ ಓಲ್ಮನ್ ಅಂದ್ರೆ ಯಾರು?"

ನರಾಂಹೊ ಊರಿನ ಆ ಕಾರು ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಯೊರ್ಲೆನಿ ಕೇಳಿದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಮೈಮೇಲೆ ಕಪ್ಪು ಬಟ್ಟೆ. ಅಪ್ಪ ತೀರಿಕೊಂಡು ಹತ್ತು ದಿನವಾಗಿತ್ತು. ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆ ನಿನ್ನೆ ಸಂಜೆಗೆ ಮುಗಿದಿತ್ತು. ಬಂದವರಿಗೆಲ್ಲ ಕಾಫಿ, ತಮಾಲೆ ಕಡುಬು ಕೊಟ್ಟು ಕಳಿಸಿ, ಪಾತ್ರೆ ತೊಳೆದಿಟ್ಟು, ಅವಳು ಒಂದೇ ಒಂದು ಕೆಲಸ ಉಳಿಸಿಕೊಂಡಿದ್ದಳು.

ಸೇಡು.

ಮೂಲೆಯ ಸ್ಟೂಲಿನ ಮೇಲೆ ಕೂತು ಬಾಳೆಲೆ ಪೊಟ್ಟಣದ ಅನ್ನ ಹುರುಳಿ ತಿನ್ನುತ್ತಿದ್ದವನು ತಲೆಯೆತ್ತಿದ. ಅವನಿಗೆ ಈ ಮುಖದ ಗುರುತಿರಲಿಲ್ಲ. ಆದರೆ ದನಿಯ ಗುರುತು ಚೆನ್ನಾಗಿಯೇ ಇತ್ತು. ಪೊಟ್ಟಣ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ದೊನ್ಯಾ ಯೊರ್ಲೆನಿ..." ಎಂದ, ಫೋನಿನಲ್ಲಿ ಕರೆಯುತ್ತಿದ್ದ ಅದೇ ಮರ್ಯಾದೆಯಲ್ಲಿ.

ಮೂರು ತಿಂಗಳು ಫೋನಿನಲ್ಲಿ ಮಾತಾಡಿದವರು. ಮುಖಾಮುಖಿ ಇದೇ ಮೊದಲು.

'ಇವನೇನಾ...' ಅವಳು ಅಡಿಯಿಂದ ಮುಡಿಯವರೆಗೆ ನೋಡಿದಳು. ದನಿ ಕೇಳಿ ಎತ್ತರದ ಆಳು ಎಂದುಕೊಂಡಿದ್ದಳು. ಎದುರಿಗಿದ್ದವನು ಕುಳ್ಳ. ಕಿವಿಗಳೋ, ಎರಡೂ ಕಡೆಗೆ ಚಾಚಿಕೊಂಡಿದ್ದವು. 'ಈ ಕಿವಿಯವನಿಗಾಗಿ ನಾನು...'

ಅಲ್ಲಿಗೇ ಆ ಯೋಚನೆಯ ಕುತ್ತಿಗೆ ಹಿಸುಕಿದಳು.

"ನಿಮ್ಮಪ್ಪನ ಸುದ್ದಿ ಕೇಳ್ದೆ. ನಾನು ಬರಬೇಕು ಅಂತ..."

"ಅಪ್ಪನ ಮಾತು ನಿಮ್ಮ ಬಾಯಲ್ಲಿ ಬೇಡ. ಕಾರಿಗೆ ಏನೋ ಆಗಿದೆ. ಬಂದು ಒಳಗೆ ಕೂತು ನೋಡಿ."

ಕಾರನ್ನು ಬೇಕೆಂದೇ ನೆರಳಿಲ್ಲದ ಕಡೆ ನಿಲ್ಲಿಸಿದ್ದಳು. ಓಲ್ಮನ್ ಕೈ ಒರೆಸಿಕೊಂಡು ಬಂದು, ಚಾಲಕನ ಸೀಟಿನಲ್ಲಿ ಕೂತು, ಬಾಗಿಲೆಳೆದುಕೊಂಡ. ಅವಳು ಫೋನ್ ತೆಗೆದು ಒಂದು ಗುಂಡಿ ಒತ್ತಿದಳು.

ಟಕ್.

ಹೊರಗಿನ ಹಿಡಿಕೆಗಳು ಬಾಗಿಲೊಳಗೆ ಮುಳುಗಿದವು. ಇನ್ನೊಂದು ಗುಂಡಿಗೆ ತಣ್ಣನೆಯ ಗಾಳಿ ನಿಂತಿತು. ಮತ್ತೊಂದಕ್ಕೆ ಕಿಟಕಿಗಳು ಬಿಗಿದವು. ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ತಾಳ್ಮೆಯಿಂದ ಕಲಿಸಿದವನು ಅವನೇ. ಗುರುವಿಗೇ ತಿರುಮಂತ್ರ ಎಂದರೆ ಇದು.

ಅವಳು ಗಾಜಿಗೆ ಮುಖ ತಂದು ಹೇಳಿದಳು. "ನಲವತ್ತು ನಿಮಿಷ. ನಾನು ಒಳಗೆ ಕೂತಿದ್ದು ಅಷ್ಟೇ ಹೊತ್ತು. ನೀವೂ ಕೂತು ನೋಡಿ ಹೇಗಿರುತ್ತೆ ಅಂತ."

ಅವನು ಬಾಗಿಲು ಬಡಿಯಲಿಲ್ಲ. ಸುಮ್ಮನೆ ಅವಳನ್ನೇ ನೋಡಿದ.

---

ಆ ಕಾರು ಮನೆಗೆ ಬಂದ ದಿನದಿಂದಲೇ ಅವಳಿಗೂ ಅದಕ್ಕೂ ಜಗಳ.

ಯೊರ್ಲೆನಿಯದು ಸಾರ್ಸೆರೊ ಬೆಟ್ಟದ ಮೇಲೆ ಚೀಸ್ ಮಾಡುವ ಮನೆ. ಮಧ್ಯಾಹ್ನದ ಮೇಲೆ ರಸ್ತೆಬದಿಯ ಅಂಗಡಿಗಳಿಗೆಲ್ಲ ಚೀಸ್ ಉಂಡೆ ಹಂಚಿ ಬರಬೇಕು. ಹೊಗೆಯಿಲ್ಲ, ಸದ್ದಿಲ್ಲ, ತಾನೇ ಯೋಚಿಸುವ ಕಾರು ಎಂದು ಮಾರುವವರು ಹೇಳಿದ್ದರು. ಯೋಚಿಸುವುದೇನೋ ನಿಜ. ಬರೀ ಕೆಟ್ಟದ್ದನ್ನೇ ಯೋಚಿಸುತ್ತಿತ್ತು.

ಹಸು ಕಂಡರೆ ಕೀಂ. ಗುಂಡಿ ಬಂದರೆ ಕೀಂ. ಮಂಜು ಕವಿದರೆ ಗೋಡೆ ಎದುರಾಯಿತೆಂದು ಗಕ್ಕನೆ ಬ್ರೇಕು. ನಮ್ಮ ರಸ್ತೆಗಳಲ್ಲಿ ಬಿಳಿ ಗೆರೆ ಎಲ್ಲಿದೆ? ಅದು ಚರಂಡಿಯ ಅಂಚನ್ನೇ ಗೆರೆ ಎಂದು ತಿಳಿದು ಸ್ಟೀರಿಂಗನ್ನು ಅತ್ತಲೇ ಎಳೆಯುತ್ತಿತ್ತು. ಗಾಜು ಒರೆಸುವ ಕಡ್ಡಿ ಬೇಕೆಂದರೆ ಪರದೆಯ ಮೇಲೆ ನಾಲ್ಕು ಪುಟ ದಾಟಬೇಕು. ದಾರಿ ಕೇಳಿದರೆ ಸ್ಪೇನಿನ ರಾಣಿಯಂಥ ದನಿಯೊಂದು, "ಬೀದಿಯ ಹೆಸರು ಮತ್ತು ಮನೆಯ ಸಂಖ್ಯೆ ಹೇಳಿ" ಎನ್ನುತ್ತಿತ್ತು. ಇರುವವರು ಹೇಳಬೇಕು. ನಮ್ಮಲ್ಲಿ ಅವೆರಡೂ ಇಲ್ಲ. ಇಗರ್ಜಿಯಿಂದ ಇನ್ನೂರು ಮೀಟರ್ ಉತ್ತರಕ್ಕೆ, ಹಸಿರು ಗೇಟು ಎಂದರೆ ನಾಯಿಗೂ ಗೊತ್ತಾಗುತ್ತದೆ, ಆ ಕಾರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ಕೋಪ ನೆತ್ತಿಗೇರಿ ಸಹಾಯದ ನಂಬರಿಗೆ ಫೋನ್ ಮಾಡಿದಾಗ ನರಾಂಹೊ ಅಂಗಡಿಯಿಂದ ಸಿಕ್ಕಿದ್ದು ಓಲ್ಮನ್.

"ನಿಮ್ಮ ಕಾರಿಗೆ ಬುದ್ಧಿ ಇದೆಯಾ?"

"ಇದೆ ದೊನ್ಯಾ. ಆದರೆ ನಮ್ಮೂರಿಂದಲ್ಲ."

ಅವಳಿಗೆ ನಗು ಬಂದಿತ್ತು. ಅಲ್ಲಿಂದ ಶುರು.

ಆಮೇಲೆ ಅಪ್ಪ ಹುಷಾರು ತಪ್ಪಿ ಸಾನ್ ರಮೋನಿನ ಆಸ್ಪತ್ರೆ ಸೇರಿದ. ಒಂದು ದಿನ ಅಲ್ಲಿಂದ ಬರುತ್ತ ಅವಳು ದಾರಿಯುದ್ದಕ್ಕೂ ಅತ್ತಳು. ಪರದೆಯ ಮೇಲಿನ ಪುಟ್ಟ ಕ್ಯಾಮೆರಾ ಅವಳ ಕಣ್ಣು ನೋಡಿ, "ನೀವು ದಣಿದಂತಿದೆ, ನಿಲ್ಲಿಸಿ ಒಂದು ಕಾಫಿ ಕುಡಿಯಿರಿ" ಎಂದಿತು. ಒಂದಲ್ಲ, ಎಂಟು ಸಲ! ಅವಳು ಕಾರು ನಿಲ್ಲಿಸಿ ಓಲ್ಮನ್‌ಗೆ ಫೋನ್ ಮಾಡಿ ಬೈಯಲು ಹೋದಳು. ಬೈಗುಳ ಬರಲಿಲ್ಲ, ಬಿಕ್ಕು ಬಂತು.

ಅತ್ತ ಕಡೆಯಿಂದ ಅವನೆಂದ. "ಅದಕ್ಕೇನು ಗೊತ್ತು ಬಿಡಿ... ನೀವು ಅಳಿ. ನಾನು ಫೋನ್ ಇಡಲ್ಲ."

ಅವನು ಇಡಲಿಲ್ಲ. ಅವತ್ತು ಅವಳ ಮನಸ್ಸು ಜಾರಿತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

---

ಹತ್ತು ನಿಮಿಷ ಕಳೆಯಿತು. ಓಲ್ಮನ್‌ನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅಂಗಿ ಮೈಗಂಟಿತ್ತು.

ಯೊರ್ಲೆನಿ ಫೋನಿನಿಂದಲೇ ಹಾರ್ನ್ ಬಾರಿಸಿದಳು. ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಸೀಟು ಬಿಸಿಮಾಡುವ ಗುಂಡಿಯನ್ನೂ ಒತ್ತಿದಳು. ಹಿತವಾಗಬೇಕಿತ್ತು. ಆಗಲಿಲ್ಲ. ಅವನು ಕಿರುಚಿದ್ದರೆ, ಗಾಜು ಗುದ್ದಿದ್ದರೆ, ಆಗ ಬೇರೆ ಮಾತು. ಇವನೋ ತೊಡೆಯ ಮೇಲೆ ಕೈಯಿಟ್ಟು ಪೂಜೆಗೆ ಕೂತವನಂತೆ ಕೂತಿದ್ದ.

'ಬೇಡಿಕೋ... ಒಂದು ಸಲ ಬೇಡಿಕೋ. ನಾನು ಬೇಡಿಕೊಂಡ ಹಾಗೆ.'

ಅವಳು ಬೇಡಿಕೊಂಡಿದ್ದು ದೇವರನ್ನು. ಆ ದಿನ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯಿಂದ ಕರೆ ಬಂತು. ಅಪ್ಪ ಇನ್ನು ಹೆಚ್ಚು ಹೊತ್ತು ಉಳಿಯಲ್ಲ, ಹೆಸರು ಹಿಡಿದು ಕರೆಯುತ್ತಿದ್ದಾನೆ, ಬೇಗ ಬನ್ನಿ. ಅವಳು ಏಪ್ರನ್ನಿನಲ್ಲೇ ಕಾರಿಗೆ ಹಾರಿದಳು. ಅತ್ತಿಮರ ದಾಟಿದ ಮೇಲೆ ಹಸುಗಳ ಹಿಂಡು ರಸ್ತೆಗೆ ಅಡ್ಡ ಬಂತು. ಕಾರು ನಿಲ್ಲಿಸಿದಳು. ನಿಂತದ್ದೇ ತಡ, ಪರದೆ ಕಪ್ಪಾಯಿತು. 'ಹೊಸ ಸಾಫ್ಟ್‌ವೇರ್ ಸೇರುತ್ತಿದೆ, ನಲವತ್ತು ನಿಮಿಷ' ಎಂಬ ಅಕ್ಷರ. ಬಾಗಿಲು ತೆರೆಯಲಿಲ್ಲ. ಕಿಟಕಿ ಇಳಿಯಲಿಲ್ಲ. ಚಪ್ಪಲಿಯಿಂದ ಗಾಜಿಗೆ ಹೊಡೆದಳು, ಚಪ್ಪಲಿ ಕಿತ್ತುಹೋಯಿತು.

ಓಲ್ಮನ್‌ಗೆ ಫೋನ್ ಮಾಡಿದಳು. "ಅಪ್ಪ ಸಾಯ್ತಿದ್ದಾನೆ, ನಾನು ಒಳಗೆ ಸಿಕ್ಕೊಂಡಿದ್ದೀನಿ. ಅತ್ತಿಮರದಿಂದ ಮುನ್ನೂರು ಮೀಟರ್ ದಕ್ಷಿಣಕ್ಕೆ, ಇಳಿಜಾರಲ್ಲಿ, ಎಡಗಡೆ ಹಸು ಕಟ್ಟೋ ಜಾಗ..."

"ಹೆದರಬೇಡಿ, ಬಂದೆ. ಅಷ್ಟರಲ್ಲಿ ನೀವು ಬಾಗಿಲ..."

ಅಲ್ಲಿಗೆ ಸಿಗ್ನಲ್ ಹೋಯಿತು. ಮಂಜಿಳಿಯಿತು. ಅವನು ಬರಲಿಲ್ಲ.

ಅವಳು ಆಸ್ಪತ್ರೆ ಮುಟ್ಟಿದಾಗ ಅಪ್ಪನ ಕೈ ಇನ್ನೂ ಬೆಚ್ಚಗಿತ್ತು. ಆದರೆ ಅದು ಅವಳ ಕೈಯನ್ನು ತಿರುಗಿ ಹಿಡಿಯಲಿಲ್ಲ.

---

"ಮಗಳೇ, ಕಾಫಿ ತಗೊ."

ಅಂಗಡಿಯ ಹಿರಿಯ ಮೆಕ್ಯಾನಿಕ್ ದೊನ್ ಮೆಲೀಕೊ ಪಕ್ಕಕ್ಕೆ ಬಂದು ನಿಂತಿದ್ದರು. ಕೈಯಲ್ಲಿ ಎರಡು ಲೋಟ.

"ನನ್ನ ತಡೆಯೋಕೆ ಬರಬೇಡಿ."

"ನಾನ್ಯಾಕೆ ತಡೀಲಿ? ಒಳಗಿರೋನೇ ತಡೀತಿಲ್ಲ." ಮುದುಕರು ಒಂದು ಗುಟುಕು ಕುಡಿದರು. "ಅವನು ಮನಸ್ಸು ಮಾಡಿದ್ರೆ ಈಗ್ಲೇ ಹೊರಗೆ ಬರ್ತಾನೆ, ಗೊತ್ತಾ ನಿನಗೆ? ಬಾಗಿಲ ಒಳಗಡೆ, ಲೋಟ ಇಡೋ ಗೂಡಿನ ತಳದ ರಬ್ಬರ್ ಎತ್ತಿದ್ರೆ ಒಂದು ತಂತಿ ಇದೆ. ಎಳೆದ್ರೆ ಸಾಕು. ಕರೆಂಟೂ ಬೇಡ, ಫೋನೂ ಬೇಡ."

ಅವಳು ಮುದುಕರ ಕಡೆ ತಿರುಗಿದಳು. "ತಂತಿ...?"

"ಹ್ಞೂಂ. ಕಾರು ಮಾರೋರು ಹಾಡು ಹಾಕೋದು ತೋರಿಸ್ತಾರೆ. ತಂತಿ ತೋರಿಸಲ್ಲ."

'ಬಾಗಿಲ...' ಅಂದು ಅರ್ಧಕ್ಕೇ ನಿಂತಿದ್ದ ಮಾತು ಇದೇ. ತಾನು ದಾರಿ ಹೇಳುವುದರಲ್ಲೇ ಸಿಗ್ನಲ್ಲನ್ನೆಲ್ಲ ಮುಗಿಸಿದ್ದಳು.

"ಹಾಗಾದ್ರೆ ಅವತ್ತು ಯಾಕೆ ಬರಲಿಲ್ಲ?" ಅವಳ ದನಿ ಚೂರಿಯಂತಿತ್ತು. "ಬಂದೆ ಅಂದ್ರು. ಬರಲಿಲ್ಲ. ಸುಳ್ಳುಗಾರ."

"ಬಂದಿದ್ದ. ನೀನು ಅತ್ತಿಮರ ಅಂದೆಯಂತೆ. ಅವನು ತಪೆಸ್ಕೊ ಕಡೆಯೋನು. ಅವರಿಗೆ ಅತ್ತಿಮರ ಅಂದ್ರೆ ನಿನ್ನ ಮರ ಅಲ್ಲ, ಹಳೇದು, ಗಾಳಿಗೆ ಬಿದ್ದು ಇಪ್ಪತ್ತು ವರ್ಷ ಆಯ್ತಲ್ಲ, ಅದು. ಮರ ಇಲ್ಲ, ಆದ್ರೂ ದಾರಿ ಹೇಳೋದೆಲ್ಲ ಅಲ್ಲಿಂದಾನೇ. ಅಲ್ಲಿಂದ ಮುನ್ನೂರು ಮೀಟರ್ ದಕ್ಷಿಣಕ್ಕೂ ಒಂದು ಇಳಿಜಾರು, ಒಂದು ಹಸು ಕೊಟ್ಟಿಗೆ. ಮಂಜಲ್ಲಿ ನಿನ್ನ ಹೆಸರು ಕೂಗ್ತಾ ಮೇಲೂ ಕೆಳಗೂ ಓಡಿದಾನೆ. ನಾನು ಹೋಗಿ ಕರ್ಕೊಂಡು ಬಂದಾಗ ಗಂಟಲೇ ಇರಲಿಲ್ಲ ಅವನಿಗೆ."

"ನನಗೆ ಹೇಳಲಿಲ್ಲ..."

"ನಾನೂ ಬೈದೆ. ಹೋಗಿ ಹೇಳೋ ಮಾರಾಯ ಅಂತ. ಏನಂದ ಗೊತ್ತಾ? ನೀವು ಮರ ಯಾವುದಂತ ಹೇಳಲಿಲ್ಲ ಅಂತ, ಅಪ್ಪನ್ನ ಕಳ್ಕೊಂಡವಳಿಗೆ ನಾನು ಹೆಂಗೆ ಹೇಳ್ಲಿ ಅಂದ. ನಾನು ಯಾವ ಮರ ಅಂತ ಕೇಳಬೇಕಿತ್ತು ಅಂದ." ಮುದುಕರು ಖಾಲಿ ಲೋಟ ಜಾಡಿಸಿದರು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಮಗಳೇ. ಇಷ್ಟೇ ನಾನು ಹೇಳೋದು."

ಅವರು ಒಳಗೆ ಹೋದರು.

ಯೊರ್ಲೆನಿ ಬಿಸಿಲಲ್ಲೇ ನಿಂತಳು. ಹತ್ತು ದಿನದಿಂದ ಎದೆಯಲ್ಲಿ ಉರಿಯುತ್ತಿದ್ದ ಬೆಂಕಿಗೆ ಈಗ ಸೌದೆಯಿಲ್ಲ. ಅದು ಆರುತ್ತಿದ್ದ ಹಾಗೆ ಅದರ ಹಿಂದೆ ಬಚ್ಚಿಟ್ಟಿದ್ದು ಕಾಣಿಸತೊಡಗಿತು. ಅದನ್ನು ನೋಡಬಾರದೆಂದೇ ಅವಳು ಇಷ್ಟು ದಿನ ಬೆಂಕಿ ಹಾಕಿಕೊಂಡಿದ್ದಳು.

ಗುಂಡಿ ಒತ್ತಿದಳು. ಹಿಡಿಕೆಗಳು ಹೊರಬಂದವು.

ಅವಳು ಅವನ ಬಾಗಿಲು ತೆರೆಯಲಿಲ್ಲ. ಸುತ್ತಿ ಬಂದು, ಆ ಕಡೆಯಿಂದ ಹತ್ತಿ, ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಒಳಗೆ ಒಲೆಯ ಮೇಲೆ ಕೂತ ಹಾಗಿತ್ತು.

"ಇನ್ನೂ ಹನ್ನೊಂದು ನಿಮಿಷ ಇದೆ," ಓಲ್ಮನ್ ಹೇಳಿದ. ತುಟಿ ಒಣಗಿತ್ತು.

"ತಂತಿ ಯಾಕೆ ಎಳೀಲಿಲ್ಲ?"

"ಕೊನೆಗೂ ನೀವು ಏನೋ ಒಂದು ಕೊಟ್ರಿ. ಹೊಡೆತಾನೇ ಆಗ್ಲಿ, ತಗೋಬೇಕು ಅನಿಸ್ತು."

"ಬಾಯಿ ಮುಚ್ಚಿ. ನಾನೊಂದು ಮಾತು ಹೇಳ್ತೀನಿ. ಕೇಳಿದ್ಮೇಲೆ ಬೇಕಾದ್ರೆ ನೀವೇ ನನ್ನ ಇದರಲ್ಲಿ ಕೂಡಿಹಾಕಿ."

ಅವಳು ಮುಂದಿನ ಗಾಜನ್ನೇ ನೋಡುತ್ತ ಹೇಳತೊಡಗಿದಳು. "ಹಿಂದಿನ ದಿನ ನೀವು ಕೇಳಿದ್ರಿ. ನಾಳೆ ಹನ್ನೊಂದಕ್ಕೆ ಆ ಕೀಂ ಕೀಂ ಸದ್ದು ನಿಲ್ಲಿಸೋ ಸಾಫ್ಟ್‌ವೇರ್ ಕಳಿಸ್ತೀನಿ, ಕಾರು ನಲವತ್ತು ನಿಮಿಷ ಅಲ್ಲಾಡಲ್ಲ, ಬೆಳಿಗ್ಗೆ ಮನೇಲಿರ್ತೀರಾ, ಮುಗಿದ್ಮೇಲೆ ಫೋನ್ ಮಾಡ್ತೀನಿ ಅಂದ್ರಿ. ನಾನು ಇರ್ತೀನಿ, ಬೆಳಿಗ್ಗೆ ಯಾವಾಗ್ಲೂ ಮನೇಲೇ ಅಂದೆ."

"ಹೌದು."

"ಸುಳ್ಳು ಅದು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನು ಅಪ್ಪನ ಹತ್ರ ಹೋಗ್ತಿದ್ದೆ. ಗಂಜಿ ಕುಡಿಸೋಕೆ. ಅವತ್ತೊಂದು ದಿನ ಹೋಗಲಿಲ್ಲ... ನಿಮ್ಮ ಫೋನಿಗೆ ಕಾಯ್ತಾ ಕೂತಿದ್ದೆ. ತಲೆ ಬಾಚಿಕೊಂಡು. ಫೋನಿಗೆ ತಲೆ ಬಾಚ್ಕೋತಾರಾ ಯಾರಾದ್ರೂ? ನಾನು ಬಾಚ್ಕೊಂಡೆ. ಅಲ್ಲಿ ಅಪ್ಪ ಬಾಗಿಲು ನೋಡ್ತಾ ಮಲಗಿದ್ದ."

ಓಲ್ಮನ್ ಕಡೆ ತಿರುಗದೆಯೇ ಅವಳು ಮುಂದುವರಿಸಿದಳು.

"ತಪ್ಪು ಕಾರಿಂದಾಗ್ಬೇಕಿತ್ತು, ಇಲ್ಲ ನಿಮ್ಮದಾಗ್ಬೇಕಿತ್ತು. ಇಲ್ಲಾಂದ್ರೆ ನನ್ನದಾಗುತ್ತೆ. ಅದಕ್ಕೆ ಬಂದೆ."

"ನನ್ನದೇ ಅಂತಿಟ್ಕೊಳ್ಳಿ," ಅವನು ಮೆಲ್ಲಗೆ ಹೇಳಿದ. "ನನಗೆ ಅಭ್ಯಾಸ ಆಗಿದೆ. ಬೇಕಾದ್ರೆ ದಿನಾ ಬಂದು ಕೂತ್ಕೋತೀನಿ."

"ದಿನಾ?"

"ನೀವು ಪಕ್ಕದಲ್ಲಿ ಕೂತ್ರೆ." ಅವನ ಕಿವಿಗಳು ಕೆಂಪಾದವು. "ಆ ಸದ್ದು ನಿಲ್ಲಿಸೋದು ನನಗೆ ಮೊದಲ ವಾರಾನೇ ಗೊತ್ತಿತ್ತು ದೊನ್ಯಾ. ನಿಲ್ಲಿಸಿದ್ರೆ ನೀವು ಫೋನ್ ಮಾಡಲ್ವಲ್ಲ ಅಂತ ಮೂರು ತಿಂಗಳು ತಳ್ಳಿದೆ. ಬೇಗ ಮಾಡಿದ್ರೆ ಅವತ್ತು ಇದೆಲ್ಲ ಆಗ್ತಾನೇ ಇರಲಿಲ್ಲ. ಹತ್ತು ದಿನದಿಂದ ನಾನೂ ಅದನ್ನೇ ನುಂಗ್ತಿದ್ದೀನಿ."

ಅವಳು ತಿರುಗಿ ಅವನನ್ನು ನೋಡಿದಳು. ಹೊಡೆಯಲು ಕೈಯೆತ್ತಿದಳು. ಆ ಕೈ ಅವನ ಬೆವೆತ ಕೈಯ ಮೇಲೆ ಹೋಗಿ ಕೂತಿತು. ಅವನ ಕೈ ಅವಳ ಕೈಯನ್ನು ತಿರುಗಿ ಹಿಡಿಯಿತು.

ಅವಳು ಅತ್ತಳು. ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಬಾರದ ಅಳು ಅದು. ಅವನು ಕೈ ಬಿಡಲಿಲ್ಲ.

ಕೊನೆಗೆ ಅವಳು ಮೂಗೊರೆಸಿಕೊಂಡಳು. "ಅಪ್ಪನಿಗೆ ನಿಮ್ಮ ವಿಷಯ ಗೊತ್ತಿತ್ತು."

"ಏನು ಗೊತ್ತಿತ್ತು?"

"ಯಾರ ಜೊತೆ ಇಷ್ಟು ಹೊತ್ತು ಮಾತಾಡ್ತೀಯ ಅಂತ ಆಸ್ಪತ್ರೇಲಿ ಕೇಳಿದ. ಕಾರು ರಿಪೇರಿಯವನ ಜೊತೆ ಅಂದೆ."

"ಅದಕ್ಕೇನಂದ್ರು?"

"ಕಾರು ಇಷ್ಟೊಂದು ಕೆಡುತ್ತಾ ಮಗಳೇ, ಅಂದ."

"ನೀವು?"

"ಹೌದಪ್ಪಾ, ತುಂಬಾ ಕೆಡುತ್ತೆ ಅಂದೆ. ಅವನು ಆ ಕಡೆ ತಿರುಗಿ ನಗ್ತಾ ಮಲಗಿದ."

ಓಲ್ಮನ್‌ನ ಕಣ್ಣು ತುಂಬಿತು. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವರ ಸಮಾಧಿ ಹತ್ರ ಹೋಗೋಣ್ವಾ? ಇಬ್ಬರೂ?"

"ಬಸ್ಸಲ್ಲಿ," ಎಂದಳು ಯೊರ್ಲೆನಿ.

"ಬಸ್ಸಲ್ಲೇ," ಎಂದ ಅವನು.