ವರ್ಷಕ್ಕೊಂದು ವೇಳೆಯ ದೋಣಿ

ದೋಣಿ ಆಗಲೇ ನದಿಯ ನಡುವೆ ಇತ್ತು.

ದಂಡೆಯಲ್ಲಿ ನಿಂತ ಅವಳು ಕೈಗಡಿಯಾರ ನೋಡಿಕೊಂಡಳು. ಹತ್ತಕ್ಕೆ ಇನ್ನೂ ಐದು ನಿಮಿಷ. ಅವಳೇ ತಿದ್ದಿ ಅಚ್ಚಿಗೆ ಕಳಿಸಿದ ಪ್ರವಾಸಿ ಕೈಪಿಡಿಯಲ್ಲಿ, 'ಬೆಳಗಿನ ದೋಣಿ ಹತ್ತು ಗಂಟೆಗೆ' ಎಂದಿತ್ತು. ಎದುರಿನ ಹಲಗೆಯ ಮೇಲೆ ಮಾತ್ರ 'ಒಂಬತ್ತೂ ಮುಕ್ಕಾಲು'.

ಅವಳಿಗೆ ಮೈಯೆಲ್ಲ ಉರಿಯಿತು. ಮತ್ತೆ ಬದಲಾಯಿಸಿದ್ದಾನೆ, ಈ ದೋಣಿಯ ಮಹಾರಾಯ!

ಮೊದಲ ವರ್ಷ ಒಂಬತ್ತು, ಮರುವರ್ಷ ಒಂಬತ್ತೂವರೆ, ಹೋದ ವರ್ಷ ಹತ್ತು. ಪ್ರತಿ ಸಲವೂ ಓದುಗರ ಬೈಗುಳದ ಪತ್ರಗಳು. ಪ್ರತಿ ಸಲವೂ ತಿದ್ದುಪಡಿಗೆಂದು ಈ ಊರಿಗೆ ಇವಳ ಪ್ರಯಾಣ. ಈ ಬಾರಿ ಸಂಪಾದಕರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ವೇಳೆ ಮತ್ತೆ ತಪ್ಪಿದ್ದರೆ ಈ ಊರಿನ ಪುಟವನ್ನೇ ತೆಗೆದುಹಾಕುವುದು.

ಪುಟ ಹೋದರೆ ಇಲ್ಲಿಗೆ ಬರುವ ನೆಪವೂ ಹೋಗುತ್ತದೆ... ಹೋದರೆ ನನಗೇನು? ಹಾಗೆಂದುಕೊಂಡಳು. ಆದರೂ ಕಣ್ಣು ನಡುನೀರಿನ ದೋಣಿಯ ಮೇಲೇ ಇತ್ತು.

ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ದೋಣಿಯವನ ಅಕ್ಕ ಅವಳ ಮುಖ ನೋಡಿ ಸ್ಟೂಲು ಹೊರಗಿಟ್ಟಳು. ಆಚೆ ದಡದ ತರಕಾರಿಯವರೂ ದಿನಾ ಶಾಪ ಹಾಕುತ್ತಾರೆ, ತನಗೂ ಹೇಳಿ ಹೇಳಿ ಸಾಕಾಯಿತು ಎಂದಳು. ಆಮೇಲೆ ದನಿ ತಗ್ಗಿಸಿದಳು.

"ನೀವು ಕಳಿಸೋ ಹೊಸ ಪುಸ್ತಕ ಅಂಚೇಲಿ ಬರತ್ತಲ್ಲ, ಮಾರನೇ ದಿನವೇ ಬಣ್ಣದ ಡಬ್ಬ ಹಿಡ್ಕೊಂಡು ಹಲಗೆ ಮುಂದೆ ಕೂರ್ತಾನಮ್ಮ. ಯಾಕೆ ಅಂತ ನೀವೇ ಕೇಳಿ."

ಅಂದರೆ ಬೇಕೆಂದೇ ಮಾಡುತ್ತಿದ್ದಾನೆ! ಕಾರಣ ಅವಳಿಗೆ ಹೊಳೆಯಿತು. ಮೊದಲ ವರ್ಷವೇ ಕೈಪಿಡಿಯಲ್ಲಿ 'ದೋಣಿಯವನು ಸ್ವಲ್ಪ ಒರಟು' ಎಂದು ಬರೆದಿದ್ದಳಲ್ಲ.

ದೋಣಿ ಹಿಂದಿರುಗಿತು. ಅವನು ಏನೂ ಆಗದವನಂತೆ ಕೂರುವ ಒದ್ದೆ ಹಲಗೆಯ ಮೇಲೆ ಗೋಣಿಚೀಲ ಮಡಚಿ ಹಾಸಿದ. ಪ್ರತಿ ವರ್ಷವೂ ಅಷ್ಟೇ. ಹೋದ ವರ್ಷ ಆಚೆ ದಡದ ಹೊಲಗಳ ನಡುವೆ ದಾರಿಯ ದೂರ ಅಳೆಯುವಾಗ, ಕೇಳದೆಯೇ ಅವಳ ಚೀಲ ಹೊತ್ತು ಹಳೆಯ ಗಿರಣಿಯವರೆಗೂ ನಡೆದಿದ್ದ. ಅದು ನೆನಪಾದದ್ದಕ್ಕೆ ಅವಳ ಸಿಟ್ಟು ಇನ್ನೂ ಹೆಚ್ಚಿತು.

ದೋಣಿ ಹೊರಟಿತು. ಅವಳೊಬ್ಬಳೇ ಪ್ರಯಾಣಿಕಳು.

"ಒರಟು ಅಂತ ಬರೆದಿದ್ದಕ್ಕೆ ಇಷ್ಟು ವರ್ಷದ ಸೇಡಾ?"

ಅವನು ತಬ್ಬಿಬ್ಬಾದ. "ಹಾಗೆ ಬರೆದಿದ್ದೀರಾ? ನಾನು ವೇಳೆ ಒಂದೇ ನೋಡ್ತೀನಿ."

"ನೋಡ್ಕೊಂಡು ಅದನ್ನೇ ಕೆಡಿಸ್ತೀರಿ. ಯಾಕೆ?"

ಹುಟ್ಟಿನ ಸದ್ದು ನಿಂತಿತು.

"ಮೊದಲ ಸಲ ಹೊರಡುವಾಗ ನೀವೇ ಹೇಳಿದ್ರಿ... ಏನೂ ಬದಲಾಗದ ಊರಿಗೆ ನಿಮ್ಮನ್ನ ಮತ್ತೆ ಕಳಿಸೋದಿಲ್ಲ ಅಂತ."

ಅಷ್ಟೊಂದು ಪತ್ರಗಳು, ಬೈಗುಳ, ಬಸ್ಸಿನ ಧೂಳು... ಎಲ್ಲ ಇದಕ್ಕೆ! ಇವನನ್ನು ನೀರಿಗೆ ತಳ್ಳಬೇಕೋ, ನಗಬೇಕೋ?

"ಒಂದು ಕಾಗದ ಬರೆಯೋಕೆ ಏನಾಗಿತ್ತು ನಿಮಗೆ?"

"ನಾಲ್ಕು ಬರೆದೆ. ನೀವು ತಪ್ಪು ತಿದ್ದೋರು. ಅಷ್ಟು ತಪ್ಪಿರೋ ಕಾಗದ ನಿಮಗೆ ಹೇಗೆ ಕಳಿಸಲಿ?"

ಅವಳು ಮುಖ ಆಚೆ ತಿರುಗಿಸಿ, ಪುಟ ಹೋಗುವ ವಿಷಯ ಹೇಳಿದಳು. ಅವನ ಮುಖ ಇಳಿದುಹೋಯಿತು. ನನ್ನ ಹುಚ್ಚಾಟಕ್ಕೆ ಊರಿಗೆ ಯಾಕೆ ಶಿಕ್ಷೆ, ಇವತ್ತೇ ಹಲಗೆ ಅಳಿಸುತ್ತೇನೆ, ತಪ್ಪೆಲ್ಲ ನನ್ನದೇ ಎಂದು ಸಂಪಾದಕರಿಗೆ ಬರೆದುಕೊಡುತ್ತೇನೆ ಎಂದ. ನೀವು ಮತ್ತೆ ಬರದಿದ್ದರೂ ಸರಿ ಎಂದು ಕೊನೆಗೆ ಮೆಲ್ಲಗೆ ಸೇರಿಸಿದ.

ಆ ಕೊನೆಯ ಮಾತಿಗೆ ಅವಳ ಕಣ್ಣು ತುಂಬಿತು.

"ಹತ್ತು ಗಂಟೆ ಅಂತ ಬರೀರಿ. ಇನ್ನು ಅದು ಬದಲಾಗಬಾರದು."

"ಬದಲಾಗದಿದ್ರೆ ನೀವು..."

"ಬರ್ತೀನಿ. ಮುಂದಿನ ತಿಂಗಳೇ ಬರ್ತೀನಿ, ಪುಸ್ತಕ ಇಲ್ದೇನೇ. ಅಮ್ಮನ್ನೂ ಕರ್ಕೊಂಡು."

ಅವನು ಹುಟ್ಟನ್ನು ಒಳಗೆಳೆದು ಅವಳ ಎದುರು ಬಂದು ಕೂತ. ಹಿಡಿಯುವವರಿಲ್ಲದ ದೋಣಿ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿತ್ತು. ಅವನು ಹಿಂಜರಿಯುತ್ತ ಅವಳ ಕೈ ಹಿಡಿದ.

"ಅಮ್ಮ ಎಷ್ಟು ಹೊತ್ತಿಗೆ ಬರ್ತಾರೆ?"

"ಯಾಕೆ?"

"ಅವರು ಬಂದ ಮೇಲೇ ದೋಣಿ ಬಿಡ್ತೀನಿ."

"ಅಯ್ಯೋ, ಹತ್ತು ಗಂಟೆ ಅಂತ ಈಗ ತಾನೇ ಹೇಳಿದ್ನಲ್ಲ!" ಎಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.